ಇರುವೆ ಮೇಸ್ತ್ರಿಯ ಕಪಾಟು

ಬಡಗಿ ಅಡುಗೆಮನೆಗೆ ಕಾಲಿಟ್ಟಾಗ ಹೆಂಡತಿ ಓವನ್ನಿನ ಮುಂದೆ ಕುರ್ಚಿ ಎಳೆದುಕೊಂಡು ಸುಮ್ಮನೆ ಕೂತಿದ್ದಳು. ಕಟ್ಟೆಯ ಮೇಲೆ ಅನ್ನದ ಬಟ್ಟಲು ಹಬೆಯಾಡುತ್ತಿತ್ತು. ಪಕ್ಕದಲ್ಲಿದ್ದ ಸೂಪು ಮಾತ್ರ ಫ್ರಿಜ್ಜಿನಿಂದ ಹೊರಬಂದಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇತ್ತು. ಗೋಡೆಯ ಕಪಾಟಿನೊಳಗೆ ಕೂರಿಸಿದ್ದ ಮೈಕ್ರೋವೇವ್ ಓವನ್ನಿನ ಮುಖದಲ್ಲಿ ಗಡಿಯಾರದ ಹಸಿರು ಅಂಕಿಗಳು ಕೂಡ ಇರಲಿಲ್ಲ.

"ಮತ್ತೆ ನಿಂತೋಯ್ತು," ಎಂದಳು ಅವಳು, ಅವನ ಕಡೆ ತಿರುಗದೆ.

"ಏನು ಒತ್ತಿದೆ?"

"ದಿನಾ ಏನು ಒತ್ತೀನೋ ಅದನ್ನೇ ಒತ್ತಿದೆ ರೀ. ಮೊದ್ಲು ಅನ್ನ ಇಟ್ಟೆ, ಸರಿಯಾಗಿ ಆಯ್ತು. ಸೂಪು ಇಟ್ಟೆ. ಅರ್ಧಕ್ಕೆ ಉಸ್ಸಂತ ನಿಂತ್ಬಿಡ್ತು."

ಬಡಗಿ ಗುಂಡಿಗಳನ್ನು ಒತ್ತಿ ನೋಡಿದ. ಏನೂ ಆಗಲಿಲ್ಲ. "ಇರ್ಲಿ ಬಿಡು," ಎಂದು ತಣ್ಣನೆಯ ಸೂಪನ್ನೇ ಅನ್ನಕ್ಕೆ ಹಾಕಿಕೊಂಡು ಉಂಡ. ಅವಳು ತಟ್ಟೆಯಲ್ಲಿ ಬೆರಳಾಡಿಸಿ ಎದ್ದಳು. ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದವನು ಕೆಲಸಕ್ಕೆ ಹೋಗುವ ಮುಂಚೆ ಇನ್ನೊಮ್ಮೆ ಒತ್ತಿದರೆ, ದೀಪ ಹತ್ತಿತು, ಗಾಜಿನ ತಟ್ಟೆ ನೆಟ್ಟಗೆ ತಿರುಗತೊಡಗಿತು.

"ನೋಡು, ಚೆನ್ನಾಗೇ ಇದೆಯಲ್ಲ."

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು.

ಹೋದ ವರ್ಷ ಅವಳಿಗೆ ಲಕ್ವ ಹೊಡೆದಿತ್ತು. ಮಾತು ಉಳಿಯಿತು, ಬುದ್ಧಿ ಉಳಿಯಿತು, ನಾಲಿಗೆಯ ಖಾರವೂ ಹಾಗೇ ಉಳಿಯಿತು. ಎಡಗಾಲು ಎಳೆಯುತ್ತಿತ್ತು, ಅದಕ್ಕೆ ಚಕ್ರದ ವಾಕರ್ ಬಂತು. ಎಡಗೈಯದೇ ವಿಚಿತ್ರ. ಹೇಳಿದ ಕೆಲಸ ಅಷ್ಟಿಷ್ಟು ಮಾಡುತ್ತಿತ್ತು, ಆದರೆ ಮುಟ್ಟಿದ್ದರ ಸುದ್ದಿಯನ್ನು ಒಳಗೆ ತಲುಪಿಸುತ್ತಿರಲಿಲ್ಲ. ಒಂದು ದಿನ ಕಾದ ಬಾಣಲೆಯ ಅಂಚಿಗೆ ಆ ಕೈ ಊರಿಕೊಂಡೇ ಈರುಳ್ಳಿ ಹುರಿಯುತ್ತಿದ್ದಳು. ಬೊಬ್ಬೆ ಎದ್ದದ್ದನ್ನು ಕಂಡವಳು ಅವಳ ತಂಗಿ. ಅವತ್ತೇ ಅವಳಿಗೆ ಗ್ಯಾಸ್ ಬಂದ್ ಆಯಿತು, ಬೆಳಗಿನ ಅಡುಗೆ ಬಡಗಿಯ ಪಾಲಿಗೆ ಬಂತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಂದೊಂದು ಪಾಳಿಗೂ ಜಾತ್ರೆಯಷ್ಟು ಜನಕ್ಕೆ ಊಟ ಬಡಿಸಿದ ಹೆಂಗಸು ತನ್ನದೇ ಅಡುಗೆಮನೆಯಲ್ಲಿ ಅತಿಥಿಯಾದಳು.

ತಂಗಿ ಎರಡು ಬೀದಿ ಆಚೆ ಇದ್ದಳು. ಒಳ್ಳೆಯವಳೇ, ಆದರೆ ಅವಳ ಒಳ್ಳೆಯತನಕ್ಕೆ ಸ್ವಲ್ಪ ಗಡಿಬಿಡಿ. "ಭಾವ ಕೆಲಸಕ್ಕೆ ಹೋಗ್ಲೇಬೇಕು. ಬೆಳಗ್ಗೆ ಅಕ್ಕನ್ನ ನಮ್ಮನೇಲಿ ಬಿಟ್ಟು ಹೋಗ್ಲಿ, ಸಾಯಂಕಾಲ ಕರ್ಕೊಂಡು ಬರ್ಲಿ. ಒಂದು ಮೂಲೇಲಿ ಕೂತಿರ್ತಾಳೆ, ನಾನು ಊಟ ಹಾಕ್ತೀನಿ," ಎಂದಳು. ಆ "ಒಂದು ಮೂಲೆ" ಎಂಬ ಮಾತು ಅಕ್ಕನ ಎದೆಗೆ ಮುಳ್ಳಿನಂತೆ ಚುಚ್ಚಿತು. ರಾತ್ರಿ ಗಂಡನಿಗೆ ಹೇಳಿದಳು: "ಯಾರ ಮನೆ ಮೂಲೇಲೂ ನಾನು ಕೂರಲ್ಲ. ನನ್ನ ಊಟ ನಾನೇ ಬಿಸಿ ಮಾಡ್ಕೊಳ್ಳೋ ಹಾಗೆ ಏನಾದ್ರೂ ಮಾಡಿಕೊಡಿ."

ಅವನು ಮಾಡಿಕೊಟ್ಟ. ಕಪಾಟಿನೊಳಗೆ ಕೂರಿಸುವಂಥ ಮೈಕ್ರೋವೇವ್ ತಂದ. ಅವಳು ನಿಂತಾಗ ಮೊಣಕೈ ಎಲ್ಲಿಗೆ ಬರುತ್ತದೋ ಆ ಎತ್ತರಕ್ಕೆ ಗೂಡು ಕಟ್ಟಿದ. ಗೂಡಿನ ಕೆಳಗೆ, ಎಳೆದರೆ ಹೊರಬರುವ ಒಂದು ಹಲಗೆ. ಬಟ್ಟಲನ್ನು ಎತ್ತುವ ಕೆಲಸವಿಲ್ಲ, ಒಳಗಿನಿಂದ ಹಲಗೆಗೆ ಜಾರಿಸಿದರಾಯಿತು. ಅದೇ ಎತ್ತರಕ್ಕೆ ವಾಕರಿಗೂ ಸುತ್ತ ಅಂಚು ಕಟ್ಟಿದ ತಟ್ಟೆ ಕೂರಿಸಿದ. ಬಿಸಿಯಾದದ್ದು ಹಲಗೆಯಿಂದ ತಟ್ಟೆಗೆ, ತಟ್ಟೆಯಿಂದ ಮೇಜಿಗೆ. ಅವಳ ಸ್ಟೀಲ್ ಪಾತ್ರೆಗಳೆಲ್ಲ ಮೇಲಿನ ಅಟ್ಟ ಸೇರಿ ಗಾಜಿನ ಬಟ್ಟಲುಗಳು ಕೆಳಗಿಳಿದವು. ಅದೊಂದಕ್ಕೆ ಅವಳು ಕಣ್ಣೀರು ಹಾಕಿದಳು, ಬೇರೆ ಯಾವುದಕ್ಕೂ ಅಲ್ಲ.

ಕೆಲಸ ನೋಡಿದವರೆಲ್ಲ ಹೊಗಳಿದರು. ಬಡಗಿಯ ಕೈ ಅಂಥದ್ದು. ಅವನು ಕೂರಿಸಿದ ಬಾಗಿಲಿಗೂ ಚೌಕಟ್ಟಿಗೂ ನಡುವೆ ಕಾಗದ ತೂರಿಸಲು ಹೋಗಿ ಸೋತವರಿದ್ದರು. "ಇರುವೆ ಕೂಡ ನುಸುಳಬಾರದು, ಅದು ಕೆಲಸ," ಎಂದು ಹೇಳಿ ಹೇಳಿ ಕಾರ್ಯಾಗಾರದಲ್ಲಿ ಅವನಿಗೆ ಇರುವೆ ಮೇಸ್ತ್ರಿ ಎಂದೇ ಹೆಸರು ಬಿದ್ದಿತ್ತು. ಓವನ್ನಿನ ಜೊತೆ ಬಂದ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಮೇಲೆ, ಹಿಂದೆ, ಅಕ್ಕಪಕ್ಕ ಇಂತಿಷ್ಟು ಜಾಗ ಬಿಡಿ ಎಂದು ಬಾಣದ ಗುರುತು ಹಾಕಿದ್ದರು. ಬಡಗಿ ಅದನ್ನು ನೋಡಿ ಮೀಸೆಯಲ್ಲೇ ನಕ್ಕಿದ್ದ. ಅಳತೆ ತಪ್ಪುವ ಬಡಗಿಗಳಿಗೆ ಕಂಪನಿಯವರು ಕೊಟ್ಟ ರಿಯಾಯಿತಿ ಅದು ಎಂದು ಅವನ ತಿಳುವಳಿಕೆ. ಅವನಿಗೆ ಯಾರ ರಿಯಾಯಿತಿಯೂ ಬೇಕಿರಲಿಲ್ಲ. ಓವನ್ನಿನ ಮೈಗೆ ಅಂಟಿದಂತೆ ಹಲಗೆ ಕೊಯ್ದ, ಹಿಂಬದಿಯನ್ನು ಪ್ಲೈವುಡ್ಡಿನಿಂದ ಮುಚ್ಚಿದ, ಎದುರಿಗೆ ಉಳಿದಿದ್ದ ಕೂದಲೆಳೆಯಷ್ಟು ಸಂದಿಗೂ ಸುತ್ತ ಮರದ ಪಟ್ಟಿ ಹೊಡೆದ.

ತಂಗಿ ಬಂದು ನೋಡಿ, "ಚೆನ್ನಾಗಿದೆ ಭಾವ. ಆದ್ರೆ ಅಕ್ಕನ ಕೈಲಿ ಆಗತ್ತಾ?" ಎಂದಿದ್ದಳು. ಕೊನೆಗೆ ಒಂದು ಒಪ್ಪಂದವಾಯಿತು. ಬರುವ ಭಾನುವಾರ ಅಕ್ಕ ಒಬ್ಬಳೇ ಮೂವರಿಗೂ ಊಟ ಬಿಸಿ ಮಾಡಿ ಮೇಜಿಗೆ ತರಬೇಕು. ತಂದರೆ ತಂಗಿ ಮತ್ತೆ ಸೊಲ್ಲೆತ್ತುವುದಿಲ್ಲ. ಆಗದಿದ್ದರೆ ಸೋಮವಾರದಿಂದ ಅಕ್ಕ ಅವರ ಮನೆಗೆ ಹೋಗಬೇಕು. ಅಕ್ಕ ಒಪ್ಪಿದ್ದಳು, ಅದೂ ಹುಡುಗಿಯರು ಪಂದ್ಯಕ್ಕೆ ಒಪ್ಪುವಂತೆ ಕೈ ತಟ್ಟಿ.

ಅವತ್ತಿನಿಂದಲೇ ಈ ನಿಲ್ಲುವ ಆಟ ಶುರುವಾದದ್ದು. ಹಾಲು ಕಾಯಿಸಿದರೆ ಕಾಯುತ್ತಿತ್ತು. ಅನ್ನ ಬಿಸಿಯಾಗುತ್ತಿತ್ತು. ಅದರ ಬೆನ್ನಿಗೇ ಇನ್ನೊಂದು ಇಟ್ಟರೆ ಮುಗಿಯಿತು, ಓವನ್ ಕಣ್ಣು ಮುಚ್ಚುತ್ತಿತ್ತು. ಬಡಗಿ ಮನೆಗೆ ಬಂದು ಉಂಡು ಇನ್ನೊಮ್ಮೆ ಪರೀಕ್ಷೆ ಮಾಡುವ ಹೊತ್ತಿಗೆ ಮತ್ತೆ ಜೀವ. ಹೊಸ ಯಂತ್ರ, ತಾನೇ ಕೂರಿಸಿದ್ದು. ಅದರಲ್ಲಿ ತಪ್ಪಿರಲು ಸಾಧ್ಯವಿಲ್ಲ ಎಂದಾದ ಮೇಲೆ ಉಳಿದದ್ದು ಹೆಂಡತಿಯ ಬೆರಳು. ಶುಕ್ರವಾರ ಮೂರನೇ ಸಲ ತಣ್ಣನೆಯ ಊಟದ ಮುಂದೆ ಕೂತಾಗ ಅವನ ಬಾಯಿ ತಡೆಯಲಿಲ್ಲ.

"ನಿನ್ನ ಕೈಲಿ ಆಗ್ತಿಲ್ಲ ಅಂದ್ರೆ ಆಗ್ತಿಲ್ಲ ಅಂತ ಹೇಳು. ಎಲ್ಲೋ ಏನೋ ತಪ್ಪು ಒತ್ತಿರ್ತೀಯ. ತಂಗಿ ಮನೆಗೆ ಹೋಗೋದು ಏನ್ ಜೈಲಿಗೆ ಹೋದ ಹಾಗಾ?"

ಅವಳು ತಿರುಗಿಸಿ ಹೇಳುತ್ತಾಳೆ ಎಂದು ಅವನು ಕಾದ. ಅವಳ ಖಾರದ ನಾಲಿಗೆ ಸುಮ್ಮನಿದ್ದದ್ದು ಅವನಿಗೆ ಭಯ ಹುಟ್ಟಿಸಿತು. ಮಧ್ಯಾಹ್ನವೆಲ್ಲ ಕಾರ್ಯಾಗಾರದಲ್ಲಿ ಮನಸ್ಸು ನಿಲ್ಲದೆ ಒಂದು ಒಳ್ಳೆಯ ಹಲಗೆ ಹಾಳು ಮಾಡಿಕೊಂಡ.

ಶನಿವಾರ ಅರ್ಧ ದಿನ ಕೆಲಸ. ಊಟವಾದ ಮೇಲೆ ಅವಳು ಓವನ್ ಒರೆಸಲು ನಿಂತಳು. ಒರೆಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಬಟ್ಟಲಲ್ಲಿ ನೀರು, ಅದಕ್ಕೊಂದು ನಿಂಬೆಹೋಳು, ಅದನ್ನು ಒಳಗಿಟ್ಟು ಚೆನ್ನಾಗಿ ಹಬೆ ಬರುವ ತನಕ ಓಡಿಸಿದರೆ ಸಿಡಿದು ಅಂಟಿದ್ದೆಲ್ಲ ಮೆತ್ತಗಾಗುತ್ತದೆ. ಆಮೇಲೆ ಒದ್ದೆ ಬಟ್ಟೆ ಸಾಕು, ಉಜ್ಜುವಂತಿಲ್ಲ. ಬಾಗಿಲಿನ ಅಂಚನ್ನು ಮರೆಯುವಂತಿಲ್ಲ, ಅಲ್ಲಿ ಜಿಡ್ಡು ಕೂತರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಇಷ್ಟನ್ನೂ ಅವಳು ಒಂದೇ ವಾರದಲ್ಲಿ ಕರಗತ ಮಾಡಿಕೊಂಡಿದ್ದಳು. ನಾಳೆ ಬಿಟ್ಟುಕೊಡಬೇಕಾದ ಮನೆಯನ್ನು ಗುಡಿಸುವವಳಂತೆ ನಿಂತಿದ್ದಾಳೆ ಎನಿಸಿತು ಬಡಗಿಗೆ. ಬಾಗಿಲಲ್ಲೇ ನಿಂತು ನೋಡುತ್ತಿದ್ದ.

ನೀರು ಇನ್ನೂ ಕುದಿಯುವುದಕ್ಕೆ ಬಂದಿರಲಿಲ್ಲ, ಓವನ್ ನಿಂತಿತು. ಈ ಸಲ ಅವನ ಕಣ್ಣೆದುರಿಗೇ. ಅವಳ ಬಲಗೈಯಲ್ಲಿ ಬಟ್ಟೆಯಿತ್ತು. ಎಡಗೈ ಆಸರೆಗೆಂದು ಕಪಾಟಿನ ಪಕ್ಕದ ಹಲಗೆಯ ಮೇಲಿತ್ತು. ಯಾವ ಗುಂಡಿಯ ಹತ್ತಿರವೂ ಅವಳ ಬೆರಳಿರಲಿಲ್ಲ.

"ರೀ," ಎಂದಳು ಅವಳು, ತುಂಬ ಮೆಲ್ಲಗೆ.

"ನೋಡಿದೆ. ನೀನು ಏನೂ ಮುಟ್ಟಲಿಲ್ಲ."

"ಅದಲ್ಲ. ಬಿಸಿ ರೀ."

"ಏನು ಬಿಸಿ?"

"ಈ ಕೈ." ಅವಳು ತನ್ನ ಎಡಗೈಯನ್ನೇ ನೋಡುತ್ತಿದ್ದಳು, ಹಲಗೆಯಿಂದ ಎತ್ತದೆ. "ಬಿಸಿ ಗೊತ್ತಾಗ್ತಿದೆ. ಸುಳ್ಳಲ್ಲ. ಒಳಗೆಲ್ಲೋ ದೂರದಲ್ಲಿ, ಆದ್ರೆ ಗೊತ್ತಾಗ್ತಿದೆ."

ಬಡಗಿ ಎರಡೇ ಹೆಜ್ಜೆಯಲ್ಲಿ ಬಂದು ಅವಳ ಕೈ ಹಿಡಿದುಕೊಂಡ. ಒಂದು ವರ್ಷದಿಂದ ಆ ಕೈಗೆ ಎಣ್ಣೆ ತಿಕ್ಕಿದ್ದ, ಬೆರಳು ಒಂದೊಂದಾಗಿ ಮಡಚಿ ಬಿಡಿಸಿದ್ದ, ಚಿವುಟಿ ಕೂಡ ನೋಡಿದ್ದ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಕೈ ಇದ್ದ ಜಾಗದಲ್ಲಿ ತನ್ನ ಅಂಗೈ ಇಟ್ಟ.

ಇಟ್ಟವನು ತಟ್ಟನೆ ಹಿಂದೆಗೆದ.

ಮರ ಹಾಗೆ ಕಾಯಬಾರದು. ಅವನು ಮೂಗು ಹತ್ತಿರ ತಂದ. ಅಂಟು ಕರಗುವ ವಾಸನೆ. ಮೇಲ್ಗಡೆಯ ಪಟ್ಟಿ ಮೂಲೆಯಲ್ಲಿ ಚೂರು ಬಾಯಿ ಬಿಟ್ಟಿತ್ತು. ಡ್ರಾಯರಿನಿಂದ ಪುಸ್ತಕ ತೆಗೆದು ಬಾಣದ ಚಿತ್ರವಿದ್ದ ಪುಟ ಹುಡುಕಿ, ಕೆಳಗಿನ ಸಣ್ಣಕ್ಷರಗಳನ್ನು ಮೊದಲ ಸಲ ಓದಿದ. ಬಿಸಿಗಾಳಿ ಹೊರಹೋಗಲು ಜಾಗವಿರದಿದ್ದರೆ ಓವನ್ ತಾನಾಗಿ ನಿಲ್ಲುತ್ತದೆ, ತಣಿದ ಮೇಲೆ ಮತ್ತೆ ಕೆಲಸ ಮಾಡುತ್ತದೆ ಎಂದು ಬರೆದಿತ್ತು. ಬಡಗಿಗೆ ಮುಖದ ನೀರಿಳಿದಂತಾಯಿತು.

ಹೆಂಡತಿಯ ಎದುರು ನೆಲದ ಮೇಲೇ ಕೂತ.

"ನೀನು ಸರಿಯಾಗೇ ಒತ್ತಿದ್ದೆ," ಎಂದ. "ಎಲ್ಲ ದಿನಾನೂ ಸರಿಯಾಗೇ ಒತ್ತಿದ್ದೆ. ಗಾಳಿಗೆ ಅಂತ ಬಿಡಬೇಕಾಗಿದ್ದ ಸಂದೀನೆಲ್ಲ ನಾನೇ ಮುಚ್ಚಿಬಿಟ್ಟಿದೀನಿ."

"ನಂಗೊತ್ತಿತ್ತು," ಎಂದಳು ಅವಳು. ಕೂಡಲೇ ತಲೆ ಅಲ್ಲಾಡಿಸಿದಳು. "ಇಲ್ಲ, ಗೊತ್ತಿರ್ಲಿಲ್ಲ ರೀ. ನೀವು ಅಂದ್ಮೇಲೆ ನಂಗೇ ಅನುಮಾನ ಬಂದ್ಬಿಟ್ಟಿತ್ತು. ತಲೇನೂ ಹೋಯ್ತೇನೋ ಅಂತ."

ಅವನು ಎದ್ದು ಉಪಕರಣಗಳ ಚೀಲ ತಂದ. ತಾನೇ ಹೊಡೆದ ಪಟ್ಟಿಗಳನ್ನು ತಾನೇ ಉಳಿಯಿಟ್ಟು ಎಬ್ಬಿಸಿದ. ಎಬ್ಬಿಸುವುದು ಸುಲಭವಿರಲಿಲ್ಲ, ಕೆಲಸ ಅಷ್ಟು ಗಟ್ಟಿಯಾಗಿತ್ತು. ಓವನ್ನನ್ನು ಹೊರಗೆಳೆದು, ಹಿಂದಿನ ಪ್ಲೈವುಡ್ಡನ್ನು ಪೂರ್ತಿ ತೆಗೆದು ಗೋಡೆಗೆ ಒರಗಿಸಿದ. ಗೂಡಿನ ಮೇಲೂ ಬುಡದಲ್ಲೂ ಉದ್ದಕ್ಕೆ ಕಂಡಿ ಕೊಯ್ದ. ಪಕ್ಕದ ಹಲಗೆಗಳನ್ನು ಕೀಸಿ ಕೀಸಿ ಪುಸ್ತಕ ಹೇಳಿದಷ್ಟು ಜಾಗ ಮಾಡಿದ. ಗೂಡಿನೊಳಗೆ ಕತ್ತಲೆ, ಹೆಂಡತಿ ಬಲಗೈಯಲ್ಲಿ ಟಾರ್ಚ್ ಹಿಡಿದಳು. ಮರದ ಪುಡಿ ಅವಳ ಕೂದಲ ಮೇಲೆಲ್ಲ ಕೂತಿತು.

"ಇಷ್ಟು ದೊಡ್ಡ ಕಂಡಿ ಮಾಡ್ತಿದೀರಲ್ಲ, ಇರುವೆ ಬರತ್ತೆ," ಎಂದಳು.

"ಬರ್ಲಿ. ಊಟ ಮಾಡ್ಕೊಂಡು ಹೋಗ್ಲಿ."

ಅವಳು ನಕ್ಕಳು. ಟಾರ್ಚಿನ ಬೆಳಕು ಗೂಡಿನ ತುಂಬ ಕುಣಿಯಿತು. "ನೆಟ್ಟಗೆ ಹಿಡಿ," ಎಂದು ಅವನು ಗದರಿದ.

ಭಾನುವಾರ ತಂಗಿ ಬಂದವಳೇ ಅಡುಗೆಮನೆಗೆ ಇಣುಕಿದಳು. ಹೊಸ ಮರದ ಹಸಿ ಅಂಚುಗಳು ಬೆಳ್ಳಗೆ ಕಾಣುತ್ತಿದ್ದವು. ಪಾಲಿಶ್ ಮಾಡಲು ಹೊತ್ತಿರಲಿಲ್ಲ.

"ಇದೇನ್ ಭಾವ, ಇಷ್ಟು ಚೆನ್ನಾಗಿದ್ದ ಕಪಾಟನ್ನ ಯಾರು ಹೀಗೆ ಕೆಡಿಸಿದ್ದು?"

"ನಾನೇ. ಕೂತ್ಕೋ, ಹೇಳ್ತೀನಿ."

ಹೇಳಿದ. ಚಿತ್ರ ನೋಡಿ ನಕ್ಕದ್ದನ್ನೂ ಬಿಡದೆ ಹೇಳಿದ. ತಂಗಿ ಕೇಳಿಸಿಕೊಂಡು, "ಅಕ್ಕನ್ನ ಬೈದ್ರಾ?" ಎಂದಳು.

"ಬೈದೆ."

ತಂಗಿ ಸೆರಗು ಸರಿಮಾಡಿಕೊಂಡಳು. ಒಪ್ಪಂದದ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಒಳಗಿನಿಂದ ಅಕ್ಕನ ಧ್ವನಿ ಬಂತು: "ಇಬ್ಬರೂ ಅಲ್ಲೇ ಇರಿ. ಯಾರಾದ್ರೂ ಒಳಗೆ ಬಂದ್ರೆ ಊಟ ಇಲ್ಲ."

ಅನ್ನ ಬಿಸಿಯಾಯಿತು. ವಾಕರಿನ ಚಕ್ರ ಕಿರುಗುಟ್ಟಿತು, ಅವಳು ತಂದಿಟ್ಟು ಹೋದಳು. ತರಕಾರಿ ಬಂತು. ಈಗ ಸೂಪಿನ ಸರದಿ. ಓವನ್ನಿನ ಗುಂಯ್‌ಗುಡುವ ಸದ್ದು ಶುರುವಾಯಿತು. ಬಡಗಿ ಮೇಜಿನ ಅಂಚನ್ನು ಹಿಡಿದುಕೊಂಡು ಅದನ್ನೇ ಕೇಳುತ್ತ ಕೂತ. ದಿನವೂ ನಿಲ್ಲುತ್ತಿದ್ದ ಹೊತ್ತು ಬಂತು. ಸದ್ದು ನಿಲ್ಲಲಿಲ್ಲ. ಮುಂದುವರಿಯಿತು, ಇನ್ನೂ ಮುಂದುವರಿಯಿತು, ಕೊನೆಗೆ ಕೆಲಸ ಮುಗಿಸಿದ ಠೀವಿಯಲ್ಲಿ ಬೀಪ್ ಬೀಪ್ ಎಂದಿತು.

ಆಮೇಲೆ ಏನೂ ಕೇಳಿಸಲಿಲ್ಲ. ಬಾಗಿಲು ತೆಗೆದ ಸದ್ದಿಲ್ಲ, ಚಕ್ರದ ಸದ್ದಿಲ್ಲ. ಓವನ್ ಕಾದು ನೋಡಿ ಇನ್ನೊಮ್ಮೆ ಬೀಪ್ ಎಂದು ನೆನಪಿಸಿತು. ತಂಗಿ ಗಡಬಡಿಸಿ ಏಳಹೋದಳು. ಬಡಗಿಯ ಕಾಲುಗಳೂ ಆಗಲೇ ಅರ್ಧ ಎದ್ದಿದ್ದವು. ಅವನು ಅವನ್ನು ಬಲವಂತವಾಗಿ ಮಡಚಿ ಕೂತು, "ಕೂತ್ಕೋಮ್ಮ," ಎಂದ.

"ಭಾವ, ಬಿಸಿ ಸೂಪು."

"ಗೊತ್ತು. ಕೂತ್ಕೋ."

ಓವನ್ನಿನ ಬಾಗಿಲು ಟಕ್ಕೆಂದಿತು. ಗಾಜು ಮರದ ಮೇಲೆ ಜಾರುವ ಸದ್ದು, ನಿಧಾನವಾಗಿ, ಹಲಗೆಯಿಂದ ತಟ್ಟೆಗೆ. ಚಕ್ರಗಳು ಉರುಳತೊಡಗಿದವು.

ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಬಟ್ಟಲಿನಿಂದ ಎದ್ದ ಹಬೆ ಅವಳ ಕನ್ನಡಕವನ್ನು ಪೂರ್ತಿ ಮಸುಕು ಮಾಡಿತ್ತು. ಅವಳಿಗೆ ಮೇಜೂ ಕಾಣುತ್ತಿರಲಿಲ್ಲ, ಕೂತವರೂ ಕಾಣುತ್ತಿರಲಿಲ್ಲ. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಇಬ್ಬರೂ ಕೂತಲ್ಲೇ ಕೂತಿದ್ದರು. ಅವಳು ಎರಡೂ ಕೈಯಲ್ಲಿ ವಾಕರ್ ಹಿಡಿದು, ಕನ್ನಡಕದ ಗಾಜು ತಿಳಿಯಾಗುವ ತನಕ ಹೊಸ್ತಿಲಲ್ಲಿ ನಿಂತೇ ಇದ್ದಳು.