ಅಳಿಯನ ಹೊಟ್ಟೆ

ದರ್ಜಿಯ ಮನೆಯಲ್ಲಿ ಬ್ಯಾಟರಿಗೆ ಅಳಿಯ ಎಂದು ಹೆಸರಿಟ್ಟವಳು ಅವನ ಹೆಂಡತಿ. ಇಡದೆ ಇನ್ನೇನು ಮಾಡಿಯಾಳು? ಹೊಲಿದ ಬಟ್ಟೆಗಳನ್ನು ಮನೆಮನೆಗೆ ತಲುಪಿಸಲೆಂದು ಗಂಡ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಸ್ಕೂಟರ್ ತಂದ ದಿನದಿಂದ ಅದರ ಬ್ಯಾಟರಿಗೆ ನಡೆದಷ್ಟು ಉಪಚಾರ ಆ ಮನೆಯಲ್ಲಿ ಇನ್ಯಾರಿಗೂ ನಡೆದಿರಲಿಲ್ಲ. ದಿನವೂ ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಕು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಬೇಕು, ಚಾರ್ಜರ್ ಚುಚ್ಚಬೇಕು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ; ಒಳಬರಲಿಕ್ಕೂ ಹೊರಹೋಗಲಿಕ್ಕೂ ಅದೊಂದೇ ಬಾಗಿಲು. ಅಳಿಯನಿಗೆ ಊಟ ಆಯಿತೇ ಎಂದರೆ ಚಾರ್ಜ್ ಆಯಿತೇ ಎಂದರ್ಥ. ಮಂಡಿನೋವಿನಿಂದ ಒಳಕೋಣೆ ಬಿಟ್ಟು ಹೆಚ್ಚು ಓಡಾಡದ ದರ್ಜಿಯ ತಾಯಿಯೂ ಹಾಗೆಯೇ ಕೇಳುವುದನ್ನು ಕಲಿತಿದ್ದಳು.

ಪಾಪ, ದರ್ಜಿಗೆ ಬಟ್ಟೆಯ ಅಳತೆ ಗೊತ್ತು, ಕರೆಂಟಿನ ಅಳತೆ ಗೊತ್ತಿಲ್ಲ. ಕೇಳಲು ಹೋದರೆ ಊರೆಲ್ಲ ಪಂಡಿತರು. ಗಾಡಿ ಮಾರಿದವನು ಪೂರ್ತಿ ಚಾರ್ಜ್ ಮಾಡಿ ಎಂದ, ಮೆಕ್ಯಾನಿಕ್ ಪೂರ್ತಿ ಮಾಡಲೇಬೇಡಿ ಎಂದ. ಭಾವಮೈದುನ ಕಂಪನಿ ಚಾರ್ಜರ್ ಬಿಟ್ಟು ಬೇರೆಯದನ್ನು ಮುಟ್ಟಬೇಡಿ ಎಂದು ಹೆದರಿಸಿದ. ಕಂಪನಿಯದು ಕೆಟ್ಟಾಗ ಎದುರಂಗಡಿಯವನು, ಪಿನ್ ಕೂತರೆ ಸಾಕು, ಕರೆಂಟಿಗೇನು ಕಣ್ಣಿದೆಯೇ ಎಂದು ನಕ್ಕು ಇನ್ನೊಂದನ್ನು ಕೊಟ್ಟ. ಎಲ್ಲರ ಬುದ್ಧಿವಾದವೂ ತಲೆಯೊಳಗೆ ದಾರದ ಹಾಗೆ ಸಿಕ್ಕುಬಿದ್ದು, ತುದಿ ಯಾವುದು ಮೊದಲು ಯಾವುದು ಎಂದು ತಿಳಿಯದೆ, ದರ್ಜಿ ಕೊನೆಗೆ ಸುಲಭವಾದದ್ದನ್ನು ನಂಬಿದ. ನಾವೆಲ್ಲ ನಂಬುವುದೂ ಅದನ್ನೇ ಬಿಡಿ.

ಹೀಗಿರುವಾಗ ಒಂದು ದಿನ ತಾಯಿ, "ಅಳಿಯನಿಗೆ ಹೊಟ್ಟೆ ಬಂದಿದೆ ಕಣೋ," ಎಂದಳು.

ದರ್ಜಿ ನಕ್ಕ. "ಕೂತು ತಿಂದ್ರೆ ಬರದೆ ಇನ್ನೇನಮ್ಮ?"

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ಹೆಂಡತಿ ಗಂಡನ ಕಡೆ ನೋಡಿಕೊಂಡೇ ಒಗ್ಗರಣೆ ಹಾಕಿದಳು. ತಾಯಿಯೂ ಒಂದಿಷ್ಟು ನಕ್ಕಳು. ಸ್ವಲ್ಪ ದಿನ ಬಿಟ್ಟು ಮತ್ತೆ ಅದನ್ನೇ ಹೇಳಿದಳು. ಮುಟ್ಟಿದರೆ ಮೈ ಬಿಸಿ ಎಂದೂ ಸೇರಿಸಿದಳು. ಹೊಟ್ಟೆ ತುಂಬ ಉಂಡರೆ ಯಾರಿಗಾದರೂ ಮೈ ಬಿಸಿಯಾಗುತ್ತದೆ ಎಂದು ಮಗ ತಮಾಷೆಯನ್ನು ಇನ್ನಷ್ಟು ಎಳೆದ. ಬ್ಯಾಟರಿಯ ಒಂದು ಪಕ್ಕೆ ನಿಜವಾಗಿಯೂ ಉಬ್ಬಿತ್ತು. ಅವನು ದಿನಾ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹತ್ತಿ ಇಳಿಯುತ್ತಿದ್ದ, ಆದರೆ ಕಣ್ಣಿಗೆ ಕಂಡದ್ದು ತಲೆಗೆ ಹೋಗಬೇಕಲ್ಲ.

ಒಂದು ಮಧ್ಯಾಹ್ನ ದರ್ಜಿ ಅಂಗಡಿಯಲ್ಲಿ ಕಾಲರ್ ಕೂರಿಸುತ್ತಿದ್ದ, ಹೆಂಡತಿ ಗುಂಡಿ ಹೊಲಿಯುತ್ತಿದ್ದಳು. ಮೇಲೆ ಏನೋ ಪಟಪಟ ಸಿಡಿದ ಸದ್ದಾಯಿತು. ಅಮ್ಮ ಪಾತ್ರೆ ಬೀಳಿಸಿರಬೇಕು ಎಂದುಕೊಂಡ. ಆಮೇಲೆ ಮೂಗಿಗೆ ಬಡಿದ ವಾಸನೆ ಅಡುಗೆಯದ್ದಲ್ಲ, ಬಟ್ಟೆ ಸೀದದ್ದೂ ಅಲ್ಲ. ಅನುಮಾನ ಇಸ್ತ್ರಿಪೆಟ್ಟಿಗೆಯ ಮೇಲೆ ಹೋಗಿ ಅದರ ಪ್ಲಗ್ ಕಿತ್ತ. ವಾಸನೆ ಹೆಚ್ಚಾಯಿತು. ಹೆಂಡತಿ ಮೇಲಕ್ಕೆ ಬೆರಳು ತೋರಿಸಿದಾಗಲೇ ಅವನು ಮೆಟ್ಟಿಲತ್ತ ಓಡಿದ್ದು. ಸ್ಟೂಲಿದ್ದ ಕಡೆಯಿಂದ ಬೆಂಕಿ ಬುಸುಗುಟ್ಟುತ್ತ ಬಾಗಿಲಿಗೆ ಅಡ್ಡವಾಗಿ ನುಗ್ಗುತ್ತಿತ್ತು. ಅದರ ಆಚೆ ಒಳಕೋಣೆಯಲ್ಲಿ ಅವನ ತಾಯಿ ಇದ್ದಳು.

ಬೀದಿಯ ಜನ ಸೇರಿದರು. ನೀರು ಹಾಕು ಎಂದರು, ನೀರು ಹಾಕಬೇಡ ಎಂದರು, ಮರಳು ತನ್ನಿ ಎಂದರು, ಮೇನ್ ಆಫ್ ಮಾಡಿ ಎಂದರು. ದರ್ಜಿ ಬಕೆಟ್ ಹಿಡಿದು ಯಾರ ಮಾತು ಕೇಳುವುದೆಂದು ತಿಳಿಯದೆ ಮೆಟ್ಟಿಲ ನಡುವೆಯೇ ನಿಂತುಬಿಟ್ಟ. ಏನೂ ಹೇಳದೆ ಇದ್ದವನು ಪಕ್ಕದ ಮನೆಗೆ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಒಬ್ಬನೇ. ಅವನು ತನ್ನ ಏಣಿಯನ್ನು ಹಿಂಬದಿಗೆ ಹೊತ್ತೊಯ್ದು ಒಳಕೋಣೆಯ ಕಿಟಕಿಗೆ ಒರಗಿಸಿದ. ಆ ಕಿಟಕಿಗೆ ಸರಳು ಹಾಕಿಸುವುದನ್ನು ದರ್ಜಿ ನಾಳೆ ನಾಳೆ ಎಂದು ಮುಂದೂಡುತ್ತ ಬಂದಿದ್ದ. ಅವನ ಸೋಮಾರಿತನವೇ ಆ ದಿನ ಕಾಪಾಡಿತು. ಮಂಡಿ ಮಡಚಲಾಗದ ಮುದುಕಿಯನ್ನು ಪೇಂಟರ್ ಹೆಗಲ ಮೇಲೆ ಹೊತ್ತು ಇಳಿಸಿದಾಗ ಅವಳ ಮುಖವೆಲ್ಲ ಮಸಿಯಾಗಿತ್ತು.

ಅಗ್ನಿಶಾಮಕದವರು ಬಂದು ನೀರು ಸುರಿದೇ ಸುರಿದರು. ಆರಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅವರಲ್ಲಿ ಹಿರಿಯನಾದವನು, ಉಬ್ಬಿದ ಬ್ಯಾಟರಿಯನ್ನು ಯಾರಾದರೂ ಚಾರ್ಜಿಗೆ ಹಾಕುತ್ತಾರೆಯೇ, ಅದೂ ಸಿಕ್ಕಿದ ಚಾರ್ಜರಿಗೆ, ಅದೂ ಓಡಿಹೋಗಬೇಕಾದ ಬಾಗಿಲಲ್ಲೇ ಎಂದು ಬೈದ. ಉಬ್ಬಿದ್ದು ಗೊತ್ತಿರಲಿಲ್ಲವೇ ಎಂದು ಕೇಳಿದ. ಗೊತ್ತಿತ್ತು ಎನ್ನಬೇಕೋ ಇರಲಿಲ್ಲ ಎನ್ನಬೇಕೋ ತೋಚದೆ ದರ್ಜಿ ತಾಯಿಯ ಕಡೆ ನೋಡಿದ.

ಅವಳು ಎದುರಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಅವನು ಪಕ್ಕದಲ್ಲಿ ಹೋಗಿ ಕೂತ. "ಬೈದಾದ್ರೂ ಹೇಳಬಾರದಾಗಿತ್ತೇನಮ್ಮ?"

"ನೀವಿಬ್ರೂ ನಕ್ಕಿದ್ರಲ್ಲೋ," ಎಂದಳು ತಾಯಿ. "ನಾನೇ ತಮಾಷೆ ಮಾಡಿದ್ನೇನೋ ಅಂದ್ಕೊಂಡು ಸುಮ್ನಾದೆ."

ತಾಯಿ ಸುಟ್ಟ ಬಾಗಿಲ ಕಡೆ ನೋಡಿದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಎದೆ ಉರೀತಿದೆ ಕಣೋ," ಎಂದಳು.

ಮನೆ ಸುಟ್ಟುಕೊಂಡವರು ಯಾರಾದರೂ ಆಡುವ ಮಾತು ಅದು. ಸುತ್ತ ನಿಂತವರು, ಉರಿಯದೆ ಇರುತ್ತದೆಯೇ, ಜೀವ ಉಳಿಯಿತಲ್ಲ, ಸಮಾಧಾನ ಮಾಡಿಕೊಳ್ಳಿ ಎಂದರು. ದರ್ಜಿಯೂ ಅದನ್ನೇ ಹೇಳಲು ಬಾಯಿ ತೆರೆದವನು ಅಲ್ಲಿಗೇ ನಿಲ್ಲಿಸಿದ.

"ಯಾವ ಉರಿ ಅಮ್ಮ? ಸಂಕಟದ್ದಾ, ಹೊಗೆಯದ್ದಾ?"

"ನನಗೂ ಗೊತ್ತಾಗ್ತಿಲ್ಲ ಕಣೋ."

ಅವನು ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆಗೆ ಇಳಿದು, ಆಸ್ಪತ್ರೆಗೆ ಎನ್ನುತ್ತ ಮೊದಲು ಕಂಡ ಗಾಡಿಗೆ ಅಡ್ಡ ನಿಂತ.