ಹನ್ನೊಂದನೇ ತಿಂಗಳ ಕುಬಸ

ನನ್ನ ಮೊಣಕಾಲಂದ್ರ ವಿಜಾಪುರದ ಡಾಕ್ಟರ ಅಬ್ದುಲಸಮದ ಅವರಿಗೆ ಭಾಳ ಅಕ್ಕರಿ. ಎಪ್ಪತ್ತಾರನೇ ಇಸ್ವಿಯೊಳಗ ಅವರು ಕೀಲಬ್ಯಾನಿಗೆ ಹೊಸಾ ಗುಳಗಿ ಕೊಟ್ಟು, ಯಾರಿಗೆ ಹತ್ತತೈತಿ, ಯಾರಿಗೆ ಇಲ್ಲ ಅಂತ ಸಂಶೋಧನಾ ನಡಿಸಿದ್ರು. ನನ್ನಂಥಾ ಬಾತ ಮೊಣಕಾಲು ತಿಕೋಟಾದಾಗ ಮತ್ತೊಂದಿರಲಿಲ್ಲ. ಒಬ್ಬನ ಬಸ್ ಹತ್ತಾಕ ಬರತಿರಲಿಲ್ಲ, ಹೇಣ್ತಿ ಗುರುಸಿದ್ದವ್ವನ ಹೆಗಲ ಹಿಡಕೊಂಡು ಹೋಗತಿದ್ದೆ. ಆಕಿಗೆ ಆಗ ಹನ್ನೊಂದು ತಿಂಗಳು.

ನಗಬ್ಯಾಡ್ರಿ. ಮದಿವ್ಯಾದಾಗಿಂದ ಮಕ್ಕಳಿಲ್ಲ. ನಲವತ್ತೈದಕ್ಕ ಮುಟ್ಟು ನಿಂತು ಹೊಟ್ಟಿ ಬಂತು. ಬಂಜಿ ಅಂದ ಬಾಯಿಗೋಳೆಲ್ಲಾ ಹೋಳಿಗಿ ತಿನ್ನಾಕ ಬಂದ್ವು. ಬಬಲೇಶ್ವರದಿಂದ ಆಕಿ ಅಣ್ಣನ ಹೇಣ್ತಿ ಸೀತವ್ವ ಬಂದು ಐದರಾಗ ಬಸರಿ ಕುಬಸ ಮಾಡಿದ್ಲು, ಏಳರಾಗ ಮಾಡಿದ್ಲು, ಒಂಬತ್ತರಾಗ ಮಾಡಿದ್ಲು. ಹತ್ತು ದಾಟಿದ್ರೂ ಕೂಸಿನ ಸುಳಿವಿಲ್ಲ. ಕುಬಸ ಬೆಸ ತಿಂಗಳಿಗೆ ಅಲ್ರಿ? ಹನ್ನೊಂದಕ್ಕೂ ಹಸರ ಸೀರಿ ತಂದ್ಲು. "ತಡಾ ಆಗಿ ನಿಂತದ್ದು ತಡಾ ಆಗೇ ಬರತೈತ್ರಿ" ಅಂದ್ಲು. ಹುಚ್ಚ ಮುಂಡೆ ಮದಿವ್ಯಾಗ ಉಂಡಾಂವನ ಜಾಣ ಅಂತ ಓಣಿ ಉಂಡೇ ಉಂಡಿತು. ತುಪ್ಪಾ ಬಡಿಸಿದ ಹುಚ್ಚ ನಾನ.

ಅವತ್ತ ಡಾಕ್ಟರ ನನ್ನ ಮೊಣಕಾಲ ಒತ್ತಾಕತ್ತಿದ್ದಾವ್ರು, ಆಕಿ ಏದುಸಿರ ಬಿಟಗೋತ ಏಳೂದು ನೋಡಿ ಕಾಲ ಬಿಟ್ರು.

"ಎಷ್ಟನೇ ತಿಂಗಳಮ್ಮಾ?"

"ಹನ್ನೊಂದ್ರೀ ಯಪ್ಪಾ."

ಎಕ್ಸರೇ ತಗಸಿದ್ರು. ಕೂಸಿನ ಎಲುಬಿಲ್ಲ, ನಾಕು ಹಲ್ಲು ಮಾತ್ರ ಬೆಳ್ಳಗ ಕಾಣಾಕತ್ತಿದ್ವು.

"ಇದು ಕೂಸಲ್ಲ, ಗಡ್ಡಿ. ಅಪರೂಪಕ್ಕ ಹಿಂಗ ಹಲ್ಲು ಸೈತ ಬೆಳೀತೈತಿ. ಲಗೂನ ಕೊಯ್ದು ತಗೀಲಿಲ್ಲಂದ್ರ ಜೀವಕ್ಕ ಅಪಾಯ."

"ಗಡ್ಡಿಗೆ ಎಲ್ಲೆರ ಹಲ್ಲಿರತಾವೇನ್ರಿ?" ಗುರುಸಿದ್ದವ್ವ ಸಿಡದ್ಲು. "ಹನ್ನೊಂದು ತಿಂಗಳ ಕೂಸಿಗೆ ಹಲ್ಲ ಬರಾಂಗಿಲ್ಲೇನು? ನನ್ನ ಕೂಸಿನ ಮ್ಯಾಲ ಕತ್ತಿ ಹಾಕಿದ್ರ ನೋಡ್ರಿ ಮತ್ತ!"

ಡಾಕ್ಟರ ನನ್ನ ಮಾರಿ ನೋಡಿದ್ರು. ಆಕಿ ಲೆಕ್ಕಾನೂ ಖರೇನ ಇತ್ತು.

ಸಂಜಿಗೆ ದವಾಖಾನ್ಯಾಗೇ ಆಕಿಗೆ ವಾಂತಿ ಸುರು ಆತು, ಉಸರಾ ಆಡವಲ್ದು. ಈಕಿ ಇಲ್ಲದ ಮನಿ ತಗೊಂಡು ನಾ ಏನ ಮಾಡಲಿ?

"ಏ ಹುಚ್ಚಿ," ಅಂದೆ, "ಹಲ್ಲ ಬಂದ ಕೂಸು ತಾನಾಗೇ ಹ್ಯಾಂಗ ಬರತೈತಿ? ಹಿಂಗ ಇಟಗೊಂಡು ಕುಂತ್ರ ಒಳಗ ಮೀಸಿ ಬಂದಾವು. ಕೊಯ್ದು ಹಡಿಸ್ತಾರ, ಈ ಒಪ್ಪಿಗಿ ಕಾಗದಕ್ಕ ಹೆಬ್ಬಟ್ಟ ಒತ್ತು."

ಡಾಕ್ಟರ ಏನೋ ಅನ್ನಾಕ ಬಾಯಿ ತಗದ್ರು.

"ಸುಮ್ಕಿರ್ರಿ ಸಾಹೇಬ್ರ, ಹೇಣ್ತಿ ನನ್ನಾಕಿ!" ಅಂದೆ. ಆಕಿ ಹೆಬ್ಬಟ್ಟ ಒತ್ತಿದ್ಲು.

ಮರದಿನ ಆಪರೇಶನ್ ಆತು. ಸೀತವ್ವ ಕೂಸಿನ ಕುಂಚಿಗಿ ಹೊಲಿಸಿಕೊಂಡು ಬಂದು ಹೊರಗ ಕುಂತಿದ್ಲು. ಆಕಿಗೆ ಹೇಳೂ ಧೈರ್ಯ ನನಗಾಗಲಿಲ್ಲ. ಡಾಕ್ಟರ ನನ್ನ ಒಳಗ ಕರದು ತಾಟಿನ್ಯಾಗ ಇಟ್ಟದ್ದು ತೋರಿಸಿದ್ರು. ಕುಂಬಳಕಾಯಿಯಷ್ಟು ಗಡ್ಡಿ, ಸೀಳಿದ್ರ ಒಳಗ ಹಲ್ಲು, ಮತ್ತ ಉದ್ದಾನ ಕರೀ ಕೂದಲಾ. ಜೀವಕ್ಕ ಇನ್ನ ಏನೂ ಭಯ ಇಲ್ಲ ಅಂದ್ರು.

ಗುರುಸಿದ್ದವ್ವಗ ಎಚ್ಚರಾತು.

"ಅತ್ತಿತೇನ್ರಿ?"

"ಇಲ್ಲ."

ಹೊಟ್ಟಿ ಮ್ಯಾಲಿನ ಪಟ್ಟಿ ಮುಟ್ಟಿ ನೋಡಿದ್ಲು. "ಹೆಣ್ಣೋ, ಗಂಡೋ?"

"ಹೆಣ್ಣ," ಅಂದೆ. "ಕೂದಲಾ ಇಷ್ಟುದ್ದ ಇದ್ವು ನೋಡು."

"ನಮ್ಮವ್ವಗೂ ಹಂಗ ಇದ್ವಲ್ರೀ," ಅಂತ ನನ್ನ ಕೈ ಹಿಡಕೊಂಡು ಅತ್ಲು. ನಾನೂ ಅತ್ತೆ.