ಹೊಸ ಗ್ಲೌಸು

"ಲೇ ಟೇಪು, ಬೇವರ್ಸಿ, ಮೇಡಂ ಅಂದ್ರೆ ಹಂಗೆ ಕುಕ್ಕರುಗಾಲಲ್ಲಿ ಕೂತ್ಕೊಳ್ತಾರೇನೋ? ಕಾಲ್ ಮೇಲೆ ಕಾಲು ಹಾಕು. ಮುಖಕ್ಕೆ ಸ್ವಲ್ಪ ಕರುಣೆ ತಗೊಂಬಾ. ಅದಕ್ಕೂ ಗತಿ ಇಲ್ವಾ ನಿಂಗೆ?"

ಮೇಸ್ತ್ರಿ ನಾನು ಕೂತಿದ್ದ ಐಸ್ ಡಬ್ಬವನ್ನು ಬೂಟುಗಾಲಲ್ಲಿ ಒದ್ದ. ನಾನು ಕಾಲ ಮೇಲೆ ಕಾಲು ಹಾಕಿದೆ. ಎಲ್ಲಿಂದಲೋ ಕರುಣೆಯನ್ನೂ ತಂದು ಮುಖಕ್ಕೆ ಮೆತ್ತಿಕೊಂಡೆ. ಸಿಗಡಿ ಸುಲಿಯುವ ಮೇಜುಗಳ ಹಿಂದೆ ನಿಂತಿದ್ದ ಹೆಂಗಸರಿಗೆ ನಗು ಬಂದಿತ್ತು, ಯಾರೂ ನಗಲಿಲ್ಲ.

ನಾವು ಯುದ್ಧ ಅಟ್ಟಿಸಿಕೊಂಡು ಬಂದಾಗ ಉಟ್ಟ ಬಟ್ಟೆಯಲ್ಲೇ ಗಡಿ ದಾಟಿದವರು. ಗಡಿ ಬಿಟ್ಟು ಸಿಗಡಿ ಹಿಡಿದವರು ಎಂದು ನಾನೊಮ್ಮೆ ಹೇಳಿದ್ದಕ್ಕೆ ಇಡೀ ಶೆಡ್ಡು ನಕ್ಕು, ನಕ್ಕ ತಪ್ಪಿಗೆ ಎಲ್ಲರೂ ಮಧ್ಯಾಹ್ನದ ಊಟ ಕಳೆದುಕೊಂಡಿದ್ದರು. ಊರಲ್ಲಿ ನಾನು ಕಾಲೇಜು ಓದಿದ್ದೆ. ಪಾಠಕ್ಕಿಂತ ಪಾಠ ಹೇಳುವವರ ದನಿಯನ್ನೇ ಚೆನ್ನಾಗಿ ಕಲಿತಿದ್ದೆ. ಯಾರ ದನಿ ಕಿವಿಗೆ ಬಿದ್ದರೂ ಅದು ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂತುಬಿಡುತ್ತಿತ್ತು. ಹಾಗಾಗಿ ಟೇಪು ಎಂಬ ಹೆಸರು, ಹಾಗಾಗಿ ಮೇಡಂ ಪಾರ್ಟು.

ನಿಜವಾದ ಮೇಡಂ ಮರುದಿನ ಬರುವವಳಿದ್ದಳು. ನಿರಾಶ್ರಿತರನ್ನು ಕಾಪಾಡುವ ದೊಡ್ಡ ಅಂತಾರಾಷ್ಟ್ರೀಯ ಸಂಸ್ಥೆಯವಳಂತೆ. ನಮ್ಮನ್ನು ಹೇಗೆ ನೋಡಿಕೊಳ್ಳುತ್ತಿದ್ದಾರೆ ಎಂದು ನೋಡಿಕೊಂಡು ಹೋಗಲು ಬರುತ್ತಾಳಂತೆ. ಅದಕ್ಕೇ ಮೇಸ್ತ್ರಿ ನನ್ನ ಕೈಲಿ ಪ್ರಶ್ನೆ ಕೇಳಿಸಿ ಎಲ್ಲರಿಗೂ ಉತ್ತರ ಉರು ಹೊಡೆಸುತ್ತಿದ್ದ. ಊಟ ಚೆನ್ನಾಗಿದೆಯಾ? ಚೆನ್ನಾಗಿದೆ. ಯಾರಾದರೂ ಹೊಡೆಯುತ್ತಾರಾ? ಇಲ್ಲ, ಮೇಸ್ತ್ರಿ ನಮಗೆ ಅಪ್ಪ ಇದ್ದ ಹಾಗೆ. ತನ್ನ ಅಪ್ಪನನ್ನು ಗಡಿಯ ಸೇತುವೆ ಮೇಲೆ ಕಳೆದುಕೊಂಡಿದ್ದ ಬಸುರಿ ಪ್ರತಿಸಲವೂ ಆ ಮಾತಿಗೆ ತಡವರಿಸುತ್ತಿದ್ದಳು. ಪ್ರತಿಸಲವೂ ಮೇಸ್ತ್ರಿ ಅವಳ ಗಲ್ಲ ಹಿಡಿದೆತ್ತಿ 'ಅಪ್ಪ' ಅನ್ನಿಸುತ್ತಿದ್ದ.

ಮಾತು ತಪ್ಪಿದರೆ ವ್ಯಾನು. ಮೇಸ್ತ್ರಿ ಒಂದು ಫೋನು ಮಾಡಿದರೆ ಸಾಕು, ಪೊಲೀಸರ ವ್ಯಾನು ಬಂದು ನಮ್ಮನ್ನು ಸೇತುವೆಯಾಚೆ ಇಳಿಸಿ ಬರುತ್ತಿತ್ತು. ಅಲ್ಲಿ ನಮ್ಮ ಮನೆಗಳಿಗೆ ಬೆಂಕಿಯಿಟ್ಟವರೇ ಕಾವಲಿದ್ದರು. ಕಳೆದ ಚಳಿಗಾಲ ನಮ್ಮ ಕ್ಷೌರದ ಮಾವನನ್ನು ಹಾಗೆ ಕಳಿಸಿದ್ದರು. ಮಾವನ ಸುದ್ದಿ ಬರಲಿಲ್ಲ. ಅವನ ಚೌಕುಳಿ ಶರ್ಟು ತೊಟ್ಟ ಕಾವಲಿನವನೊಬ್ಬನನ್ನು ಮಾತ್ರ ನಮ್ಮವರು ಸೇತುವೆಯ ಆ ತುದಿಯಲ್ಲಿ ಕಂಡರು.

ಮೇಡಂ ಬರುತ್ತಾಳೆಂದೇ ಹೊಸ ಗ್ಲೌಸೂ ಬಂದಿದ್ದವು. ಮೊಣಕೈವರೆಗೆ ಬರುವ ಹಳದಿ ರಬ್ಬರಿನವು. ಐಸ್ ನೀರು, ಬ್ಲೀಚಿಂಗ್ ಪುಡಿ, ಸಿಗಡಿಯ ಮುಳ್ಳು ಸೇರಿ ನಮ್ಮ ಕೈಗಳನ್ನು ಯಾರೂ ನೋಡಬಾರದಂತೆ ಮಾಡಿದ್ದವು. ನಾವು ಸಿಗಡಿಯ ಸಿಪ್ಪೆ ಸುಲಿದಷ್ಟೇ ನಿಷ್ಠೆಯಿಂದ ಸಿಗಡಿ ನಮ್ಮ ಸಿಪ್ಪೆ ಸುಲಿಯುತ್ತಿತ್ತು. ಆ ಕೈಗಳನ್ನು ದಿನವೂ ನೋಡುತ್ತಿದ್ದವನು ಮೇಸ್ತ್ರಿಯೊಬ್ಬನೇ. ಕೆಲಸ ಮುಗಿದಾಗ ಬಾಗಿಲಲ್ಲಿ ನಿಂತು "ಕೈ" ಎಂದು ಕೂಗುತ್ತಿದ್ದ. ಹಳೆ ಹರಕು ಗ್ಲೌಸಿನೊಳಗೆ ಸಿಗಡಿ ಬಚ್ಚಿಟ್ಟುಕೊಂಡು ಹೋಗುತ್ತೇವೆಂದು ಅವನ ಗುಮಾನಿ. ಕೂಗಿದ್ದೇ ತಡ ಚಾಕು ಕೆಳಗೆ, ಗ್ಲೌಸು ಕಿತ್ತು ಮೇಜಿಗೆ, ಅಂಗೈ ಎರಡೂ ಮೇಲಕ್ಕೆ. ಒಂದು ಉಸಿರು ತಡವಾದರೂ ಬೆರಳ ಗೆಣ್ಣಿನ ಮೇಲೆ ರಬ್ಬರ್ ಪೈಪು. ಮಲಗಿದ್ದಾಗ ಕೂಗಿದರೂ ಕೈ ಏಳುವಷ್ಟು ಆ ಕೂಗು ನಮ್ಮ ಮೂಳೆಗಿಳಿದಿತ್ತು.

ಆ ಉರು ಹೊಡೆಯುವಿಕೆಯ ಕೊನೆಯಲ್ಲಿ ದೊಡ್ಡಮ್ಮನ ಸರದಿ ಬಂತು. ಅವಳು ನನ್ನ ತಾಯಿಯ ಅಕ್ಕ. ನನ್ನ ಮನೆಯವರ ಪೈಕಿ ಉಳಿದಿದ್ದವಳು ಅವಳೊಬ್ಬಳೇ. ಹಿಂದೆ ಶಿಬಿರದಲ್ಲಿ ಗಾಯ ಕಟ್ಟಿದ್ದ ನರ್ಸಮ್ಮನ ದನಿಯನ್ನು ತಂದುಕೊಂಡು, "ಅಮ್ಮಾ, ನಿಮಗೇನಾದ್ರೂ ಕಷ್ಟ ಇದೆಯಾ?" ಎಂದು ಕೇಳಿದೆ. ಆ ದನಿ ಅಷ್ಟು ಮೆತ್ತಗೆ ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

ದೊಡ್ಡಮ್ಮ ಚಾಕು ಕೆಳಗಿಟ್ಟಳು. ಇಲ್ಲ ಎನ್ನಬೇಕಿದ್ದವಳು ಹೇಳುತ್ತಾ ಹೋದಳು. ಪೈಪಿನ ಏಟು, ಕಕ್ಕಸಿಗೆ ಬೀಗ ಹಾಕಿ ಕೀ ಕೊಡಲು ಸತಾಯಿಸುವುದು, ಜ್ವರ ಬಂದವರನ್ನೂ ನೀರಲ್ಲಿ ನಿಲ್ಲಿಸುವುದು, ಕ್ಷೌರದ ಮಾವ. ಮೇಸ್ತ್ರಿ ಬಾಯಿ ಮುಚ್ಚು ಎಂದು ಎರಡು ಸಲ ಗದರಿದ. ಅವಳು ಅವನತ್ತ ತಿರುಗಲೇ ಇಲ್ಲ. ಎಲ್ಲ ಮುಗಿಸಿ, ಮೂಗು ಒರೆಸಿಕೊಂಡು ನನ್ನ ಮುಖ ನೋಡಿದಳು.

"ಸುಳ್ಸುಳ್ಳೇ ಆದ್ರೂ ನೀನೊಬ್ಬ ಕೇಳಿದ್ಯಲ್ಲ ಮಗಾ."

ಮೇಸ್ತ್ರಿ ಹೊಡೆಯಲಿಲ್ಲ. ನಕ್ಕ. ನಮಗೆ ಅವನ ಏಟು ಗೊತ್ತಿತ್ತು, ನಗು ಗೊತ್ತಿರಲಿಲ್ಲ.

ಮರುದಿನ ಮೇಡಂ ಕಾರು ಗೇಟಿನಲ್ಲಿ ಹಾರ್ನ್ ಮಾಡಿದಾಗ ಮೇಸ್ತ್ರಿ ದೊಡ್ಡಮ್ಮನ ರಟ್ಟೆ ಹಿಡಿದು ಶೆಡ್ಡಿನ ಹಿಂದಿನ ಐಸ್ ರೂಮಿಗೆ ನಡೆಸಿದ. ಸಿಗಡಿಯ ಪೆಟ್ಟಿಗೆಗಳನ್ನು ಹೆಪ್ಪುಗಟ್ಟಿಸಿ ಇಡುವ ಕೋಣೆ ಅದು. ಪೆಟ್ಟಿಗೆ ಹೊರುವ ಗಂಡಸರು ದಪ್ಪ ಕೋಟು ಹಾಕಿಕೊಂಡು ಹೋದರೂ ಹೋದ ಹೆಜ್ಜೆಯಲ್ಲೇ ಓಡಿ ಬರುತ್ತಾರೆ. ದೊಡ್ಡಮ್ಮನ ಮೈಮೇಲೆ ತೆಳು ಹತ್ತಿ ಬಟ್ಟೆ, ಹೆಗಲಿಗೊಂದು ಟವೆಲು. ಅವಳು ಕೂಗಾಡಲಿಲ್ಲ. ಹೊಸ್ತಿಲ ಬಳಿ ಒಂದು ಸಲ ಕಾಲು ಜಾರಿದಂತಾಗಿ ನನ್ನತ್ತ ನೋಡಿದಳು. ಬಾಗಿಲು ಮುಚ್ಚಿತು. ಮೇಸ್ತ್ರಿ ಬೀಗ ಜಡಿದು ಕೀಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

"ಮುದುಕಿಗೆ ತಲೆ ಬಿಸಿ ಆಗಿದೆ, ಸ್ವಲ್ಪ ತಣ್ಣಗಿರ್ಲಿ," ಅಂದ. "ನೀವೆಲ್ಲ ಸರಿಯಾಗಿ ಉತ್ತರ ಕೊಟ್ರೆ ಮೇಡಂ ಬೇಗ ಹೋಗ್ತಾಳೆ. ಅವಳು ಹೋದ್ಮೇಲೆ ಬಾಗ್ಲು. ಮುದುಕಿ ಜೀವ ನಿನ್ ಬಾಯಲ್ಲಿದೆ ಟೇಪು, ಉಗುಳಬೇಡ."

ನಿಜವಾದ ಮೇಡಂ ನಾನು ಮಾಡಿದ ಮೇಡಮ್ಮಿಗಿಂತ ಚಿಕ್ಕವಳು. ಮೈತುಂಬ ಜೇಬುಗಳ ಜಾಕೆಟ್ಟು, ನೆಗಡಿಯಿಂದ ಕೆಂಪಾದ ಮೂಗು. ಜೊತೆಗೊಬ್ಬ ಕ್ಯಾಮೆರಾದವನು. ನಮ್ಮ ಮಾತು ಅವಳಿಗೆ ಬಾರದು, ಅವಳದು ನಮಗೆ ಬಾರದು. ನಡುವೆ ದುಭಾಷಿಯಾಗಿ ನಿಂತವನು ಮೇಸ್ತ್ರಿಯ ಭಾವಮೈದ. ಮೇಡಂ ಉದ್ದುದ್ದ ಕೇಳಿದ್ದನ್ನು ಅವನು ಎರಡೇ ಮಾತಲ್ಲಿ ನಮಗೆ ಒಗೆಯುತ್ತಿದ್ದ. ನಾವು ಎರಡೇ ಮಾತಲ್ಲಿ ಹೇಳಿದ್ದನ್ನು ಕೈ ತಿರುಗಿಸಿ, ಕಣ್ಣರಳಿಸಿ, ಬಾಯಲ್ಲಿ ಬಿಸಿ ತುತ್ತು ಹೊರಳಾಡಿಸುತ್ತಿರುವಂತೆ ಅವಳಿಗೆ ಬಡಿಸುತ್ತಿದ್ದ.

ಅವಳು ಒಳ್ಳೆಯವಳು. ಅದೇ ತೊಂದರೆಯಾಗಿದ್ದು. ಒಬ್ಬೊಬ್ಬರ ಮುಂದೆಯೂ ನಿಂತಳು, ಊರು ಕೇಳಿದಳು, ಮಕ್ಕಳನ್ನು ಕೇಳಿದಳು, ನಿದ್ದೆ ಬರುತ್ತದೆಯೇ ಎಂದು ಕೇಳಿದಳು. ಅವಳ ಕರುಣೆ ಬಹಳ ನಿಧಾನಸ್ಥ ಕರುಣೆ. ಒಂದೊಂದು ಪ್ರಶ್ನೆಗೂ ಹಿಂದುಗಡೆ ಐಸ್ ರೂಮಿನ ಮೋಟಾರು ಗೊರಗೊರ ಎನ್ನುತ್ತಿತ್ತು. ಹೆಂಗಸರು ಉತ್ತರಗಳನ್ನು ಬಾಯಿಂದ ತಳ್ಳಿ ತಳ್ಳಿ ಹಾಕಿದರು, ಬಸುರಿ ಈ ಸಲ ತಡವರಿಸದೆ ಒಂದೇ ಏಟಿಗೆ ಅಪ್ಪ ಅಂದಳು. ಅಷ್ಟು ಬೇಗ ಅಂದದ್ದಕ್ಕೆ ಮೇಡಂ ಮೆಚ್ಚಿ, ಇನ್ನೊಂದು ಪ್ರಶ್ನೆ ಕೇಳಿದಳು.

ನನ್ನ ಎದುರು ಬಂದಾಗ ಭಾವಮೈದ, "ಏನಾದ್ರೂ ಹೇಳ್ಬೇಕಾ ಅಂತಿದಾರೆ. ಹೇಳ್ಬೇಡ," ಅಂದ.

ಐಸ್ ರೂಮಿನಲ್ಲಿ ನಮ್ಮ ದೊಡ್ಡಮ್ಮ ಇದ್ದಾಳೆ ಎಂದು ನಾನು ಮೇಡಂ ಕಣ್ಣನ್ನೇ ನೋಡಿ ಹೇಳಿದೆ. ಭಾವಮೈದ ಅವಳಿಗೆ ಏನು ಹೇಳಿದನೋ, ಅವಳ ಮುಖ ಅರಳಿತು. ನನ್ನ ಭುಜ ತಟ್ಟಿದಳು. ನಾನು ಕೈತೋರಿಸಲು ಹೋದರೆ ಅವನು ನನ್ನ ಕೈ ಹಿಡಿದು ಜೋರಾಗಿ ಕುಲುಕಿದ. ಕುಲುಕುತ್ತಲೇ ಕಿವಿಯ ಬಳಿ ಬಾಗಿ, ವ್ಯಾನಿಗೆ ಫೋನು ಹೋಗುತ್ತದೆ ಎಂದ.

ಆಮೇಲೆ ಮೇಸ್ತ್ರಿ ಆಫೀಸ್ ರೂಮಿನಲ್ಲಿ ಚಹಾ ಇದೆ ಎಂದು ಹಲ್ಲು ಬಿಟ್ಟ. ಮೇಡಂ ತಲೆಯಾಡಿಸಿದಳು. ಚಹಾ ಎಂದರೆ ಕೂರುವುದು, ಊದುವುದು, ಗುಟುಕರಿಸುವುದು. ಧೈರ್ಯ ಗೀರ್ಯ ಏನಿಲ್ಲ, ಹೆದರಿಕೆ ಒಳಗೆ ಹಿಡಿಸದಷ್ಟಾಗಿತ್ತು, ಅಷ್ಟೇ. ನನ್ನ ಸ್ವಂತ ದನಿ ಹೊರಡುವಂತಿರಲಿಲ್ಲ. ಗಂಟಲಲ್ಲಿ ಬಾಡಿಗೆಗಿದ್ದವರಲ್ಲಿ ಒಬ್ಬ ತಾನಾಗಿಯೇ ಎದ್ದುಬಂದ.

"ಕೈ!"

ಅದು ಮೇಸ್ತ್ರಿಯ ದನಿಯೇ. ಆ ಗೊಗ್ಗರು, ಕೊನೆಯಲ್ಲಿ ಕಫ ಎಳೆಯುವುದು, ಎಲ್ಲ. ಮೇಸ್ತ್ರಿಯೇ ಬೆಚ್ಚಿ ತನ್ನ ಬಾಯಿ ಮುಟ್ಟಿ ನೋಡಿಕೊಂಡ.

ಚಾಕುಗಳು ಕಲ್ಲುನೆಲದ ಮೇಲೆ ಬಿದ್ದವು. ಹಳದಿ ಗ್ಲೌಸುಗಳು ಕಳಚಿ ಮೇಜಿನ ಮೇಲೆ ಬಿದ್ದವು. ಉದ್ದಕ್ಕೂ ಎರಡೂ ಸಾಲಿನಲ್ಲಿ ಅಂಗೈಗಳು ಎದ್ದವು. ಉಗುರು ಉದುರಿದವು, ಚರ್ಮ ಎದ್ದು ಕೆಂಪು ಕಾಣುವವು, ಗೆಣ್ಣು ಮುರಿದು ಓರೆಯಾಗಿ ಕೂಡಿಕೊಂಡವು. ಹೆಂಗಸರಿಗೆ ತಾವು ಏನು ಮಾಡಿದೆವೆಂದು ಗೊತ್ತಾದದ್ದು ಕೈ ಎತ್ತಿದ ಮೇಲೆ. ಇಳಿಸಲೂ ಹೆದರಿಕೆ. ಇಳಿಸು ಎಂದು ಮೇಸ್ತ್ರಿ ಹೇಳದೆ ಯಾವತ್ತೂ ಇಳಿಸಿದವರಲ್ಲ.

ಕ್ಯಾಮೆರಾ ಕ್ಲಿಕ್ಕಿಸುತ್ತಾ ಹೋಯಿತು. ಮೇಸ್ತ್ರಿ ಇದು ಇವರ ಜನಕ್ಕೇ ಇರುವ ಚರ್ಮದ ಕಾಯಿಲೆ ಎಂದು ಭಾವಮೈದನ ಕೈಲಿ ಹೇಳಿಸುತ್ತಿದ್ದ. ಮೇಡಂ ಕೇಳುತ್ತಿರಲಿಲ್ಲ. ಮೇಜಿನಿಂದ ಮೇಜಿಗೆ ನಡೆದಳು. ಒಂದು ಕೈಯನ್ನು ಮುಟ್ಟಲು ಹೋಗಿ ನೋವಾದೀತೆಂದು ಹಿಂದೆಗೆದಳು. ಕೊನೆಗೆ ನಮ್ಮ ಮುಂದೆ ನಿಂತು ಗಂಭೀರವಾಗಿ ಮಾತಾಡಿದಳು. ಹೆದರಬೇಡಿ, ಇದನ್ನೆಲ್ಲ ವರದಿ ಬರೆದು ನಮ್ಮ ಮುಖ್ಯ ಕಚೇರಿಗೆ ಕಳಿಸುತ್ತೇನೆ, ಅವರು ಈ ದೇಶದ ಸರ್ಕಾರದ ಜೊತೆ ಮಾತಾಡುತ್ತಾರೆ, ಅಲ್ಲಿವರೆಗೆ ತಾಳ್ಮೆಯಿರಲಿ. ಭಾವಮೈದ ಅವತ್ತು ಒಂದಕ್ಷರ ಬಿಡದೆ ಅನುವಾದ ಮಾಡಿದ್ದು ಅದೊಂದನ್ನೇ. ವರ ಕೇಳಿದವರಿಗೆ ವರದಿ ಸಿಕ್ಕಿತು.

ಕ್ಯಾಮೆರಾದವನು ಅವಳ ತೋಳು ಎಳೆದು ಕಾರಿನತ್ತ ತೋರಿಸಿದ. ಗಲಾಟೆಯ ವಾಸನೆ ಬಂದರೆ ಜಾಗ ಬಿಡಬೇಕೆಂಬುದು ಅವರ ನಿಯಮವಿರಬೇಕು. ಚಹಾ ಇಲ್ಲ, ಏನಿಲ್ಲ, ಇಬ್ಬರೂ ಬಿರಬಿರನೆ ಹೊರಟರು. ಮೇಸ್ತ್ರಿ ಆಗಲೇ ಗೇಟಿನ ಬಳಿ ನಿಂತು ಫೋನನ್ನು ಕಿವಿಗಿಟ್ಟುಕೊಂಡಿದ್ದ. ವ್ಯಾನಿಗೆ. ಅವಳ ಕಾರು ರಸ್ತೆಯ ತಿರುವು ದಾಟಿದ ಮೇಲೆ ಐಸ್ ರೂಮಿನ ಬಾಗಿಲು ತೆಗೆಯುವ ದರ್ದು ಅವನಿಗೇನಿತ್ತು?

ನಾನು ಓಡಿದೆ. ಕಾರಿಗೆ ಒಂದು ಕಾಲು ಇಟ್ಟಿದ್ದ ಮೇಡಂ ಮಣಿಕಟ್ಟು ಹಿಡಿದು ಎಳೆದೆ. ಅವಳು ಚೀರಿದಳು, ಡ್ರೈವರ್ ನನ್ನ ಬೆನ್ನಿಗೆ ಗುದ್ದಿದ, ಭಾವಮೈದ ನನ್ನ ಅಂಗಿ ಹರಿದ. ಬಿಡಲಿಲ್ಲ. ಶೆಡ್ಡಿನ ಸುತ್ತ ಎಳೆದುಕೊಂಡು ಹೋಗಿ ಅವಳ ಅಂಗೈಯನ್ನು ಐಸ್ ರೂಮಿನ ಕಬ್ಬಿಣದ ಬಾಗಿಲಿಗೆ ಒತ್ತಿದೆ. ಮಾತು ಬಾರದವಳಿಗೆ ಮಾತಿಲ್ಲದೆ ಹೇಳಬೇಕಿತ್ತು. ನನ್ನ ಗಂಟಲಿಂದ ಮುದುಕಿಯ ಕೆಮ್ಮು ತೆಗೆದೆ, ಹಲ್ಲು ಕಟಕಟಿಸುವುದು ತೆಗೆದೆ, ಬೆರಳಿಂದ ಬಾಗಿಲು ತೋರಿಸಿದೆ.

ಅವಳ ಮುಖದ ರಕ್ತ ಇಳಿದುಹೋಯಿತು. ತಿರುಗಿ ಕೀ ಎಂದು ಬೆರಳು ತಿರುಗಿಸಿ ಕೇಳಿದಳು. ಹಿಂದೆಯೇ ಬಂದಿದ್ದ ಮೇಸ್ತ್ರಿ ಎರಡೂ ಜೇಬು ತಡಕಿ, ಕಳೆದುಹೋಗಿದೆ ಎಂದ. ನಕ್ಕ.

ಐಸ್ ಒಡೆಯುವ ಹಾರೆಯನ್ನು ಯಾರು ತಂದರೋ ನೋಡಲಿಲ್ಲ. ನೋಡಿದಾಗ ಅದು ಬಸುರಿಯ ಕೈಯಲ್ಲಿತ್ತು. ಹೊಟ್ಟೆಯನ್ನು ಪಕ್ಕಕ್ಕೆ ವಾಲಿಸಿ, ಕಾಲು ಅಗಲಿಸಿ ನಿಂತಿದ್ದಳು. ಮೇಸ್ತ್ರಿ ಅವಳತ್ತ ಒಂದು ಹೆಜ್ಜೆ ಇಟ್ಟ. ಹೆಂಗಸರು ಅಡ್ಡ ಬಂದು ನಿಂತರು. ಗಡಗಡ ನಡುಗುತ್ತಿದ್ದರು, ಒಬ್ಬಳಿಗೆ ನಿಂತಲ್ಲೇ ಉಚ್ಚೆ ಹೋಗಿತ್ತು, ಆದರೂ ಸಂದಿ ಬಿಡಲಿಲ್ಲ.

"ದಾರಿ ಬಿಡ್ರೇ ಮುಂಡೇವಾ. ವ್ಯಾನ್ ಬರ್ತಿದೆ."

"ಬರ್ಲಿ," ಅಂದಳು ಬಸುರಿ. "ನಮ್ಮಪ್ಪನ್ನ ಕೊಂದೋರತ್ರಾನೇ ಹೋಗ್ತೀವಿ. ದೊಡ್ಡಮ್ಮನ್ನ ಕರ್ಕೊಂಡೇ ಹೋಗ್ತೀವಿ."

ಮೊದಲ ಏಟಿಗೆ ಬೀಗದಿಂದ ಕಿಡಿ ಹಾರಿತು. ಎಲ್ಲರೂ ಉಸಿರು ಹಿಡಿದು ಬಾಗಿಲಿಗೆ ಕಿವಿಕೊಟ್ಟೆವು. ಏನೂ ಕೇಳಲಿಲ್ಲ. ಎರಡನೆಯ ಏಟು. ಮತ್ತೆ ಕಿವಿಕೊಟ್ಟೆವು. ದೂರದ ರಸ್ತೆಯಲ್ಲಿ ವ್ಯಾನಿನ ಸೈರನ್ನು. ಕಾರಿನ ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ. ಮೇಡಂ ಒಮ್ಮೆ ಕಾರಿನತ್ತ, ಒಮ್ಮೆ ಬಾಗಿಲತ್ತ ನೋಡುತ್ತಾ ನಿಂತಿದ್ದಳು.

"ಸುಮ್ನಿರಿ ಎಲ್ರೂ, ಒಳಗಿನ ಸದ್ದು ಕೇಳ್ಬೇಕು," ಅಂದು ಬಸುರಿ ಮತ್ತೆ ಹಾರೆ ಎತ್ತಿದಳು.